ಹೇಳಿದ್ದು ಮುಟ್ಟಿತೇ? ವಾರ್ಡಿನ ಮಾತುಕತೆ ಕುರಿತು ಓದುಗರ ಪ್ರಶ್ನೆಗಳು

ಆಸ್ಪತ್ರೆಯ ಮಾತುಕತೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದಕ್ಕೆ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ರೋಗಿಗಳ ಮನೆಯವರು, ಹೀಗೆ ಮೂರೂ ಕಡೆಯಿಂದ ಪತ್ರಗಳು ಬಂದಿವೆ. ಒಂದೇ ತೆರನಾದವನ್ನು ಸೇರಿಸಿ ಏಳಕ್ಕೆ ಉತ್ತರಿಸಿದ್ದೇವೆ.

ಪ್ರಶ್ನೆ: ಆಪರೇಷನ್‌ ಹಿಂದಿನ ದಿನ ಪ್ರತಿಯೊಬ್ಬರಿಗೂ "ರಾತ್ರಿ ಹನ್ನೆರಡರ ಮೇಲೆ ಊಟ ಮಾಡಬೇಡಿ" ಅಂತ ಹೇಳುತ್ತೇವೆ. ತಲೆಯಾಡಿಸುತ್ತಾರೆ. ಬೆಳಗ್ಗೆ ಥಿಯೇಟರ್‌ ಬಾಗಿಲಲ್ಲಿ ನೋಡಿದರೆ ಕಾಫಿ ಕುಡಿದಿರುತ್ತಾರೆ. ಕೇಸ್‌ ಮುಂದಕ್ಕೆ ಹೋಗುತ್ತದೆ, ಬೈಗುಳ ನಮಗೆ. ಎಲ್ಲಿ ತಪ್ಪುತ್ತಿದ್ದೇವೆ?
— ಸ್ಟಾಫ್‌ ನರ್ಸ್‌, ಹಾವೇರಿ ಜಿಲ್ಲೆ

ತಪ್ಪಿರುವುದು 'ಊಟ' ಎಂಬ ಪದದಲ್ಲಿ. ನಮ್ಮಲ್ಲಿ ಊಟ ಎಂದರೆ ಅನ್ನ, ರೊಟ್ಟಿ, ಮುದ್ದೆ. ಇಡ್ಲಿ ತಿಂಡಿ, ಕಾಫಿ ಕುಡಿಯುವುದು, ಬಾಳೆಹಣ್ಣು ಲೆಕ್ಕಕ್ಕೇ ಇಲ್ಲ, ಎಲೆಅಡಿಕೆಯಂತೂ ಬಾಯಿ ಚಪಲ. ನಿಮ್ಮ ರೋಗಿ ನೀವು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದಾನೆ. ಊಟ ಮಾಡಿಲ್ಲ.

ಆದ್ದರಿಂದ ಒಂದೊಂದನ್ನೂ ಹೆಸರಿಟ್ಟು ಹೇಳಿ: "ರಾತ್ರಿ ಎಂಟಕ್ಕೆ ಊಟ ಮುಗಿಸಿ. ಬೆಳಗ್ಗೆ ಎದ್ದ ಮೇಲೆ ತಿಂಡಿ ಇಲ್ಲ, ಕಾಫಿ ಇಲ್ಲ, ಟೀ ಇಲ್ಲ, ಹಾಲು, ಬಿಸ್ಕತ್ತು, ಹಣ್ಣು ಇಲ್ಲ, ಎಲೆಅಡಿಕೆ ಹಾಕಬೇಡಿ." ಸಾಮಾನ್ಯ ಲೆಕ್ಕ ಹೀಗೆ: ಕರಿದದ್ದು, ಮಾಂಸ, ಜಿಡ್ಡಿನ ಊಟವಾದರೆ 8 ಗಂಟೆ, ಹಗುರ ತಿಂಡಿ ಮತ್ತು ಹಾಲಿಗೆ 6 ಗಂಟೆ, ಬರೀ ನೀರಿಗೆ 2 ಗಂಟೆ ಅಂತರ ಬೇಕು. ಹಾಲು ಬೆರೆತ ಕಾಫಿ 6 ಗಂಟೆಯ ಗುಂಪಿಗೆ ಸೇರುತ್ತದೆ. ಅರಿವಳಿಕೆ ವೈದ್ಯರು ಬೇರೆ ಹೇಳಿದ್ದರೆ ಅವರದ್ದೇ ಅಂತಿಮ. ಬಿಪಿ ಮಾತ್ರೆ ತೆಗೆದುಕೊಳ್ಳಬೇಕೋ ಬೇಡವೋ ಎನ್ನುವುದನ್ನೂ ಅವರನ್ನೇ ಕೇಳಿ, ಆಮೇಲೆ ರೋಗಿಗೆ ತಿಳಿಸಿ. ಇಲ್ಲದಿದ್ದರೆ "ಏನೂ ಬೇಡ ಅಂದ್ರಲ್ಲ" ಎಂದು ಅದನ್ನೂ ಬಿಟ್ಟು ಬರುತ್ತಾರೆ.

ಕಾರಣವನ್ನೂ ಒಂದು ವಾಕ್ಯದಲ್ಲಿ ಹೇಳಿ: "ಮತ್ತಿನಲ್ಲಿ ಇರುವಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಅಪಾಯ." ಕಾರಣ ಗೊತ್ತಿಲ್ಲದ ಪಥ್ಯವನ್ನು ಯಾರೂ ಪೂರ್ತಿ ಮಾಡುವುದಿಲ್ಲ.

ಇನ್ನು "ಅರ್ಥ ಆಯ್ತಾ?" ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. ಅದಕ್ಕೆ "ಹ್ಞೂಂ" ಬಿಟ್ಟು ಬೇರೆ ಉತ್ತರ ಬರುವುದೇ ಇಲ್ಲ. ಬದಲಿಗೆ: "ನಾನು ಗಡಿಬಿಡಿಯಲ್ಲಿ ಹೇಳಿಬಿಟ್ಟೆ. ಸರಿಯಾಗಿ ಹೇಳಿದೆನೋ ಇಲ್ಲವೋ ನೋಡ್ತೀನಿ. ನಾಳೆ ಬೆಳಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಿ, ಒಂದ್ಸಲ ಹೇಳಿ." ತಪ್ಪಿನ ಹೊಣೆ ನಿಮ್ಮ ಮೇಲೆ ಹಾಕಿಕೊಂಡಿದ್ದರಿಂದ ಅವರಿಗೆ ಪರೀಕ್ಷೆ ಅನಿಸುವುದಿಲ್ಲ. "ಎದ್ದು, ಮುಖ ತೊಳ್ಕೊಂಡು, ಒಂದು ಲೋಟ ಟೀ..." ಎಂದು ಶುರುವಾದರೆ ಅಲ್ಲೇ ತಿದ್ದಿ, ಮತ್ತೆ ಹೇಳಿಸಿ. ಅರ್ಧ ನಿಮಿಷದ ಕೆಲಸ.

ಫ್ಲಾಸ್ಕ್‌ನಲ್ಲಿ ಕಾಫಿ ತರುವವರು ಜೊತೆಗಿರುವವರು. ಅವರೆದುರಿಗೇ ಹೇಳಿ. ಮಂಚಕ್ಕೆ 'ಎನ್‌ಪಿಒ' ಎಂದು ಚೀಟಿ ಅಂಟಿಸಿದರೆ ಅದು ನಿಮಗೆ ಮಾತ್ರ ಅರ್ಥವಾಗುತ್ತದೆ. 'ಬಾಯಿಗೆ ಏನೂ ಕೊಡಬೇಡಿ' ಎಂದು ಕನ್ನಡದಲ್ಲಿ ಬರೆಯಿರಿ. ಬೆಳಗ್ಗೆ "ಏನಾದ್ರೂ ತಿಂದ್ರಾ?" ಎಂದು ಗದರಿದರೆ ಹೆದರಿ ಇಲ್ಲ ಎನ್ನುತ್ತಾರೆ. "ಕೊನೇ ಸಲ ಬಾಯಿಗೆ ಹಾಕಿಕೊಂಡಿದ್ದು ಏನು, ಎಷ್ಟು ಗಂಟೆಗೆ?" ಎಂದು ಕೇಳಿ.

ಪ್ರಶ್ನೆ: ಹೆರಿಗೆ ವಾರ್ಡಿನಲ್ಲಿ ರಾತ್ರಿ ಪಾಳಿ. ಡಾಕ್ಟರ್‌ಗೆ ಫೋನ್‌ ಮಾಡಿದರೆ "ಏನಾಗಿದೆ ಸರಿಯಾಗಿ ಹೇಳಮ್ಮಾ" ಎಂದು ರೇಗುತ್ತಾರೆ. ಭಯಕ್ಕೆ ಮಾತೇ ತೊದಲುತ್ತದೆ. ಹೇಗೆ ಹೇಳಬೇಕು?
— ಎರಡು ವರ್ಷದ ಅನುಭವದ ನರ್ಸ್‌, ಚಿತ್ರದುರ್ಗ

ರೇಗುವುದು ಸರಿಯಲ್ಲ. ಆದರೆ ನಿದ್ದೆಗಣ್ಣಿನಲ್ಲಿರುವ ವೈದ್ಯರಿಗೆ ಕಥೆಯನ್ನು ಮೊದಲಿನಿಂದ ಹೇಳುತ್ತಾ ಹೋದರೆ ಮುಖ್ಯ ವಿಷಯ ಕೊನೆಗೆ ಬರುತ್ತದೆ ಎಂಬುದೂ ನಿಜ. ಇದಕ್ಕೆ ಎಸ್‌ಬಿಎಆರ್‌ (ಸಿಚುಯೇಷನ್‌, ಬ್ಯಾಕ್‌ಗ್ರೌಂಡ್‌, ಅಸೆಸ್‌ಮೆಂಟ್‌, ರೆಕಮೆಂಡೇಷನ್‌) ಎಂಬ ಕ್ರಮವಿದೆ. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು. ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನಿಸುತ್ತಿದೆ, ನಿಮ್ಮಿಂದ ಏನು ಬೇಕು, ಈ ನಾಲ್ಕೇ.

ಫೋನ್‌ ಎತ್ತುವ ಮೊದಲು ಕೇಸ್‌ ಶೀಟ್‌ ಕೈಯಲ್ಲಿರಲಿ, ಪಲ್ಸ್‌ ಮತ್ತು ಬಿಪಿ ಆಗಷ್ಟೇ ನೋಡಿದ್ದಾಗಿರಲಿ. ಆಮೇಲೆ:

"ಮೇಡಂ, ಹೆರಿಗೆ ವಾರ್ಡಿನಿಂದ ಸ್ಟಾಫ್‌ ನರ್ಸ್‌. 4ನೇ ಬೆಡ್‌, 24 ವರ್ಷ, ಹೆರಿಗೆಯಾಗಿ ಒಂದು ಗಂಟೆ, ಬ್ಲೀಡಿಂಗ್‌ ಜಾಸ್ತಿಯಾಗಿದೆ. ಹತ್ತು ನಿಮಿಷದಲ್ಲಿ ಎರಡು ಪ್ಯಾಡ್‌ ಪೂರ್ತಿ ನೆಂದಿವೆ. ಪಲ್ಸ್‌ 118, ಬಿಪಿ 94/60. ಎರಡನೇ ಹೆರಿಗೆ, ನಾರ್ಮಲ್‌. ಮಾಸು ಪೂರ್ತಿ ಬಂದಿದೆ ಎಂದು ಬರೆದಿದೆ. ಆಕ್ಸಿಟೋಸಿನ್‌ 10 ಯೂನಿಟ್‌ ಐಎಂ ಇಂಜೆಕ್ಷನ್‌ ಆಗಿದೆ. ಹಿಮೋಗ್ಲೋಬಿನ್‌ 8.6. ಬಿಪಿ ಕಾಯಿಲೆ ಇಲ್ಲ, ಉಬ್ಬಸ ಇದೆ. ಗರ್ಭಕೋಶ ಮೆತ್ತಗಿದೆ, ಅದು ಬಿಗಿಯಾಗದೆ ಬ್ಲೀಡಿಂಗ್‌ ಆಗುತ್ತಿದೆ ಅನಿಸುತ್ತೆ. ಮಸಾಜ್‌ ಮಾಡುತ್ತಿದ್ದೇವೆ, ಆರ್‌ಎಲ್‌ ಡ್ರಿಪ್‌ ಓಡುತ್ತಿದೆ. ನೀವು ಈಗಲೇ ಬರಬೇಕು. ಅಷ್ಟರಲ್ಲಿ ಏನು ಕೊಡಲಿ? ರಕ್ತಕ್ಕೆ ಸ್ಯಾಂಪಲ್‌ ಕಳಿಸಲಾ?"

ಇಷ್ಟಕ್ಕೆ ಒಂದು ನಿಮಿಷವೂ ಬೇಡ. "ಉಬ್ಬಸ ಇದೆ" ಎಂಬ ಎರಡೇ ಪದ ನೋಡಿ. ಗರ್ಭಕೋಶ ಬಿಗಿಯಾಗಲು ಕೊಡುವ ಔಷಧಗಳಲ್ಲಿ ಕಾರ್ಬೊಪ್ರಾಸ್ಟ್‌ ಉಬ್ಬಸದವರಿಗೆ ಆಗದು, ಮೆಥೈಲ್‌ ಎರ್ಗೊಮೆಟ್ರಿನ್‌ ಬಿಪಿ ಹೆಚ್ಚಿರುವವರಿಗೆ ಆಗದು. ವೈದ್ಯರು ಹಾಸಿಗೆ ಪಕ್ಕದಲ್ಲಿಲ್ಲ, ನಿಮ್ಮ ಮಾತಿನ ಮೇಲೆಯೇ ಔಷಧ ಆರಿಸುತ್ತಾರೆ. ಹಾಗೆಯೇ "ತುಂಬಾ ಬ್ಲೀಡಿಂಗ್‌" ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅಳತೆ. ಪ್ಯಾಡ್‌ ಎಷ್ಟು, ಎಷ್ಟು ನಿಮಿಷದಲ್ಲಿ ಎಂದರೆ ಒಂದೇ ಅಳತೆ.

ಕೆಲವರಿಗೆ ಮೂರನೆಯ ಹಂತಕ್ಕೆ ಬಾಯಿ ಬರುವುದಿಲ್ಲ. ರೋಗ ಏನೆಂದು ಹೇಳಲು ನಾನ್ಯಾರು ಎಂಬ ಅಳುಕು. ಹೆಸರು ಗೊತ್ತಿಲ್ಲದಿದ್ದರೆ "ಏನೆಂದು ಗೊತ್ತಾಗುತ್ತಿಲ್ಲ, ಆದರೆ ಸಂಜೆ ಇದ್ದ ಹಾಗಿಲ್ಲ, ಕೆಡುತ್ತಿದ್ದಾರೆ" ಎಂದರೂ ಸಾಕು. ಉತ್ತರ "ನೋಡ್ತಾ ಇರಿ" ಎಂದಷ್ಟೇ ಬಂದರೆ ಸುಮ್ಮನಾಗಬೇಡಿ: "ಮೇಡಂ, ನನಗೆ ಧೈರ್ಯ ಸಾಲುತ್ತಿಲ್ಲ, ನೀವು ಬಂದು ನೋಡಲೇಬೇಕು." ಎರಡನೇ ಸಲವೂ ಹಾಗೆಯೇ ಆದರೆ ಮೇಲಿನವರಿಗೆ ಫೋನ್‌ ಮಾಡಿ. ಕರೆ ಮಾಡಿದ ಸಮಯ, ಹೇಳಿದ್ದು, ಬಂದ ಉತ್ತರ ಎಲ್ಲ ನರ್ಸಸ್‌ ನೋಟ್ಸ್‌ನಲ್ಲಿರಲಿ.

ಫೋನಿನಲ್ಲಿ ಬಂದ ಆರ್ಡರ್‌ಗೆ "ಆಯ್ತು ಮೇಡಂ" ಎಂಬುದು ಉತ್ತರವಲ್ಲ. ಮೊದಲು ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ, ಅವರು ಹೌದು ಅಂದ ಮೇಲೆ ಕೊಡಿ. ಇಂಗ್ಲಿಷಿನ ಫಿಫ್ಟೀನ್‌ ಮತ್ತು ಫಿಫ್ಟಿ, ಕನ್ನಡದ ಎಪ್ಪತ್ತು ಮತ್ತು ಎಂಬತ್ತು ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. "ಒಂದು, ಐದು" ಎಂದು ಅಂಕಿ ಬಿಡಿಸಿ ಹೇಳಿ. ಡೋಪಮಿನ್‌, ಡೊಬ್ಯುಟಮಿನ್‌ ಇಂಥ ಜೋಡಿ ಹೆಸರುಗಳನ್ನು ಯಾವುದಕ್ಕಾಗಿ ಕೊಡುತ್ತಿದ್ದೇವೆ ಎಂಬುದರ ಜೊತೆಗೇ ಓದಿ. ಬರೆಯುವಾಗ ಯೂನಿಟ್‌ ಎಂದು ಪೂರ್ತಿ ಬರೆಯಬೇಕು. ಇಂಗ್ಲಿಷಿನ 'ಯು' ಅಕ್ಷರ ಮಾತ್ರ ಬರೆದರೆ ಸೊನ್ನೆಯಂತೆ ಕಂಡು 10 ಯೂನಿಟ್‌ 100 ಆಗುತ್ತದೆ. 0.5 ಎನ್ನುವಲ್ಲಿ ಮುಂದಿನ ಸೊನ್ನೆ ಬಿಡಬೇಡಿ, 1 ಎನ್ನುವಲ್ಲಿ 1.0 ಬರೆಯಬೇಡಿ. ಚುಕ್ಕಿ ಮಾಸಿದರೆ ಎರಡೂ ಹತ್ತುಪಟ್ಟು.

ಪ್ರಶ್ನೆ: ತಂದೆಗೆ 68 ವರ್ಷ. ಡಿಸ್ಚಾರ್ಜ್‌ ದಿನ ಇನ್ಸುಲಿನ್‌ "ಬೆಳಗ್ಗೆ 10, ರಾತ್ರಿ 6" ಎಂದು ಸಿಸ್ಟರ್‌ ಹೇಳಿದರು. ಹಾಗೆಯೇ ಕೊಡುತ್ತಿದ್ದೇವೆ, ಶುಗರ್‌ ಇಳಿಯುತ್ತಿಲ್ಲ. ಇಂಥ ಹೊತ್ತಲ್ಲಿ ನಾವು ಏನೇನು ಕೇಳಿಕೊಂಡು ಬರಬೇಕಿತ್ತು?
— ಓದುಗರು, ದಾವಣಗೆರೆ

ಮೊದಲು ಸಿರಿಂಜಿನ ಮುಚ್ಚಳದ ಬಣ್ಣ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ ಇನ್ಸುಲಿನ್‌ನಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್‌ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್‌ ಬೇಕು. ಕಿತ್ತಳೆ ಮುಚ್ಚಳದ್ದು 100ರ ಸಿರಿಂಜ್‌. 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ದೇಹಕ್ಕೆ ಹೋಗುವುದು 4 ಯೂನಿಟ್‌ ಮಾತ್ರ. ಉಲ್ಟಾ ಆದರೆ ಇನ್ನೂ ಅಪಾಯ: ಪೆನ್ನಿನ ಕಾರ್ಟ್ರಿಜ್‌ನಲ್ಲಿ ಮಿ.ಲೀ.ಗೆ 100 ಯೂನಿಟ್‌ ಇರುತ್ತದೆ, ಅದರಿಂದ 40ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ 25 ಯೂನಿಟ್‌ ಹೋಗುತ್ತದೆ. "ಹತ್ತು" ಎಂದ ಸಿಸ್ಟರ್‌ ಹೇಳಿದ್ದು ಸರಿ. ಯಾವ ಸಿರಿಂಜಿನ ಹತ್ತು ಎಂಬುದು ಉಳಿದುಹೋಯಿತು.

ಮುಚ್ಚಳ ಕಿತ್ತಳೆ ಇದ್ದರೆ ಇವತ್ತೇ ಆಸ್ಪತ್ರೆಗೆ ತಿಳಿಸಿ. ಶುಗರ್‌ ಇಳಿಯುತ್ತಿಲ್ಲ ಎಂದು ನಡುವೆ ಯಾರಾದರೂ ಡೋಸ್‌ ಏರಿಸಿದ್ದರೆ, ಸಿರಿಂಜ್‌ ಸರಿಮಾಡಿದ ದಿನವೇ ಶುಗರ್‌ ಧಡಕ್ಕನೆ ಕುಸಿಯಬಹುದು. ಬಾಟಲಿ, ಸಿರಿಂಜ್‌, ಚೀಟಿ ಮೂರನ್ನೂ ಒಯ್ದು ತೋರಿಸಿ. ಮುಚ್ಚಳ ಕೆಂಪೇ ಇದ್ದು ಬಾಟಲಿಯ ಮೇಲೂ 40 ಎಂದಿದ್ದರೆ ಕಾರಣ ಬೇರೆ, ಆಗಲೂ ಡೋಸ್‌ ನೀವೇ ಏರಿಸಬೇಡಿ.

ಕೇಳಬೇಕಾದ ಪ್ರಶ್ನೆಗಳಿಗಿಂತ ಮುಖ್ಯವಾದದ್ದು ಒಂದಿದೆ: ಡಿಸ್ಚಾರ್ಜ್‌ಗೆ ಮೊದಲು ಒಂದು ಡೋಸನ್ನು ಮನೆಯಲ್ಲಿ ಯಾರು ಕೊಡುತ್ತಾರೋ ಅವರ ಕೈಯಿಂದಲೇ, ಮನೆಗೆ ಒಯ್ಯುವ ಸಿರಿಂಜಿನಿಂದಲೇ, ಸಿಸ್ಟರ್‌ ಎದುರು ಕೊಡಿಸಿ. ಎಳೆಯುವುದು, ಗುಳ್ಳೆ ತೆಗೆಯುವುದು, ಹಾಲಿನಂತಿರುವ ಇನ್ಸುಲಿನ್ನಾದರೆ ಕುಲುಕದೆ ಅಂಗೈ ನಡುವೆ ಉರುಳಿಸುವುದು, ಚುಚ್ಚುವ ಜಾಗ ಬದಲಿಸುವುದು ಎಲ್ಲ ಅಲ್ಲೇ ಗೊತ್ತಾಗುತ್ತದೆ. "ಊಟಕ್ಕೆ ಮುಂಚೆ" ಎಂದರೆ ಎಷ್ಟು ನಿಮಿಷ ಮುಂಚೆ ಎಂದು ಕೇಳಿ ಬರೆಸಿಕೊಳ್ಳಿ. ಕೆಲವಕ್ಕೆ ಅರ್ಧ ಗಂಟೆ, ಕೆಲವಕ್ಕೆ ತಟ್ಟೆ ಮುಂದೆ ಬಂದ ಮೇಲೆ. ಬೆವರು, ನಡುಕ, ಕಣ್ಣು ಕತ್ತಲೆ, ಮಾತು ತಡವರಿಸುವುದು ಕಂಡು ಶುಗರ್‌ 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಮೈಸೂರಿನವಳು. ಯಾದಗಿರಿ ಜಿಲ್ಲೆಗೆ ಪೋಸ್ಟಿಂಗ್‌ ಆಗಿದೆ. ಕನ್ನಡವೇ ಆದರೂ ರೋಗಿಗಳ ಮಾತು ಅರ್ಧ ಹಿಡಿಯುವುದಿಲ್ಲ. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಎಂದು ಪೇನ್‌ ಸ್ಕೇಲ್‌ ಕೇಳಿದರೆ ನಗುತ್ತಾರೆ.
— ಶುಶ್ರೂಷಾಧಿಕಾರಿ

'ಉರಿ ಬಂದಾವ್ರಿ' ಎಂದರೆ ಜ್ವರ. ಮೈಸೂರು ಕಡೆ ಉರಿ ಎಂದರೆ ಉರಿತ, ಹಾಗೆಂದುಕೊಂಡು ಎಲ್ಲಿ ಉರಿಯುತ್ತೆ ಎಂದು ಹುಡುಕುತ್ತಾ ಕೂತರೆ ಥರ್ಮಾಮೀಟರ್‌ ಡ್ರಾಯರ್‌ನಲ್ಲೇ ಉಳಿಯುತ್ತದೆ. 'ಬ್ಯಾನಿ' ಎಂದರೆ ನೋವು, ಬಸುರಿ ಹೇಳಿದರೆ ಹೆರಿಗೆ ನೋವು. 'ಹೊಟ್ಟಿ ಕಡೀತದ' ಎಂದರೆ ಹೊಟ್ಟೆ ನುಲಿತ, 'ಮೈ ಕಡೀತದ' ಎಂದರೆ ತುರಿಕೆ. 'ದಮ್ಮು' ಏದುಸಿರು, 'ಚಕ್ಕರ್‌' ತಲೆಸುತ್ತು, 'ಕಾಲ್ಮಡಿ' ಮೂತ್ರ, 'ಸಂಡಾಸ' ಮಲ, 'ಹೊಟ್ಟಿಲೆ ಅದಾಳ' ಎಂದರೆ ಗರ್ಭಿಣಿ. ಪಕ್ಕದ ಊರಿಗೇ ಅರ್ಥ ಕೊಂಚ ಬೇರೆ ಇರಬಹುದು. ಹಾಗಾಗಿ ಸಂದೇಹ ಬಂದಲ್ಲಿ ಕೈಯಿಟ್ಟು ತೋರಿಸಲು ಹೇಳಿ, ಅವರ ಪದವನ್ನೇ ಉದ್ಧರಣ ಚಿಹ್ನೆಯೊಳಗೆ ಕೇಸ್‌ ಶೀಟ್‌ನಲ್ಲಿ ಬರೆಯಿರಿ. "ಎದಿ ಹಿಡದಂಗ ಆಗ್ತದ" ಎಂದದ್ದನ್ನು 'ಗ್ಯಾಸ್‌' ಎಂದು ಅನುವಾದಿಸಿ ಬರೆದರೆ ಇಸಿಜಿ ತಡವಾಗುತ್ತದೆ. ಅಲ್ಲಿನ ಆಯಾಗಳು, ಗ್ರೂಪ್‌ ಡಿ ನೌಕರರು ನಿಮಗೆ ಒಳ್ಳೆಯ ಮೇಷ್ಟ್ರು.

ಸೊನ್ನೆಯಿಂದ ಹತ್ತರ ಅಳತೆ ವಯಸ್ಸಾದವರಿಗೆ ತಲೆಗೆ ಹೋಗದಿದ್ದರೆ ಆಣೆ ಲೆಕ್ಕ ಹಿಡಿಯಿರಿ. "ನಿನ್ನೆ ರೂಪಾಯಿ ಇತ್ತು ಅನ್ರೀ, ಇವತ್ತ ಎಷ್ಟಾಣೆ ಉಳದದ?" ಎಂದರೆ "ಎಂಟಾಣೆ" ಎಂದು ಥಟ್ಟನೆ ಬರುತ್ತದೆ. ಹದಿನಾರರಲ್ಲಿ ಎಂಟು, ಅಂದರೆ ನಿನ್ನೆಯ ನೋವಿನ ಅರ್ಧ. ಮಾತಿನ ಕೊನೆಗೆ 'ರೀ' ಮರೆಯಬೇಡಿ. ನಿಮ್ಮ ಕಡೆ 'ಹೇಳಿ' ಎಂಬುದರಲ್ಲೇ ಗೌರವ ಬಂದಿರುತ್ತದೆ, ಅಲ್ಲಿ 'ಹೇಳ್ರೀ' ಅನ್ನದಿದ್ದರೆ ಬಿರುಸು ಅನಿಸುತ್ತದೆ. ಮುಟ್ಟು, ಬಿಳಿಸೆರಗು, ಮನೆಯಲ್ಲಿ ಹೊಡೆತ ಇಂಥದ್ದನ್ನು ಕೇಳುವಾಗ ಮಗನನ್ನೋ ಅತ್ತೆಯನ್ನೋ ನಡುವೆ ದುಭಾಷಿಯಾಗಿ ನಿಲ್ಲಿಸಬೇಡಿ.

ಪ್ರಶ್ನೆ: ಓಆರ್‌ಎಸ್‌ ಕೊಟ್ಟು ವಿವರಿಸಿದರೂ ತಾಯಂದಿರು ತಪ್ಪಾಗಿ ಕಲಸುತ್ತಾರೆ. ಜಿಂಕ್‌ ಮಾತ್ರೆ ಮೂರು ದಿನಕ್ಕೆ ನಿಲ್ಲಿಸುತ್ತಾರೆ.
— ಆಶಾ ಕಾರ್ಯಕರ್ತೆ, ಚಾಮರಾಜನಗರ

'ಒಂದು ಲೀಟರ್‌ ನೀರು' ಎಂದರೆ ಮನೆಯಲ್ಲಿ ಅಳತೆ ಯಾವುದು? ಅವರ ಮನೆಯ ಲೀಟರ್‌ ಬಾಟಲಿಯನ್ನೋ ಅಳೆದ ಚೊಂಬನ್ನೋ ತರಿಸಿ ಅವರ ಕೈಯಲ್ಲೇ ಕಲಸಿಸಿ. ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಅಪಾಯ. ಅರ್ಧ ಪೊಟ್ಟಣ ಅಂದಾಜಿನಲ್ಲಿ ಹಾಕುವುದೂ ಬೇಡ. ಅಂಗಡಿಯಲ್ಲಿ 200 ಮಿ.ಲೀ.ಗೆ ಬೆರೆಸುವ ಚಿಕ್ಕ ಪೊಟ್ಟಣವೂ ಸಿಗುತ್ತದೆ, ಅದನ್ನು ಲೀಟರಿಗೆ ಹಾಕಿದರೆ ಪ್ರಯೋಜನವಿಲ್ಲ. ಪೊಟ್ಟಣದ ಮೇಲಿನ ಅಂಕಿಯನ್ನು ಬೆರಳಿಟ್ಟು ತೋರಿಸಿ. ಕಲಸಿದ್ದು 24 ಗಂಟೆ ಮಾತ್ರ.

ಜಿಂಕ್‌ ನಿಲ್ಲಿಸುವುದಕ್ಕೆ ಕಾರಣ ಸರಳ. ಬೇಧಿ ನಿಂತಿತು, ಮಾತ್ರೆ ಯಾಕೆ? ಕೊಡುವಾಗಲೇ ಹೇಳಿ: "ಬೇಧಿ ಮೂರು ದಿನಕ್ಕೆ ನಿಲ್ಲಬಹುದು. ಆದ್ರೂ ಹದಿನಾಲ್ಕು ದಿನ ಕೊಡಿ, ಮುಂದಿನ ಎರಡು ಮೂರು ತಿಂಗಳು ಮತ್ತೆ ಬೇಧಿ ಆಗೋದು ಕಮ್ಮಿ ಆಗುತ್ತೆ." ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳ ಮಗುವಿಗೆ 10.

ಪ್ರಶ್ನೆ: ಕಿವಿ ಮಂದವಿರುವ ಅಜ್ಜ ಅಜ್ಜಿಯರ ಹತ್ತಿರ ಕೂಗಿ ಕೂಗಿ ಗಂಟಲು ಹೋಗಿದೆ.
— ನರ್ಸಿಂಗ್‌ ವಿದ್ಯಾರ್ಥಿನಿ, ಮಂಗಳೂರು

ಕೂಗಬೇಡಿ, ಕೂಗಿದಾಗ ದನಿ ಕೀರಲಾಗುತ್ತದೆ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದೇ ಆ ಎತ್ತರದ ಸ್ವರ. ದನಿ ತಗ್ಗಿಸಿ, ನಿಧಾನವಾಗಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಎದುರಿಗೆ ಕೂತು ಮಾತಾಡಿ. ಕೇಳಿಸದಿದ್ದರೆ ಅದೇ ವಾಕ್ಯವನ್ನು ಮತ್ತೆ ಹೇಳದೆ ಬೇರೆ ಪದ ಬಳಸಿ. ಹೆಸರು ಖಚಿತಪಡಿಸಿಕೊಳ್ಳುವಾಗ "ನೀವು ಲಕ್ಷ್ಮಮ್ಮ ಅಲ್ವಾ?" ಎಂದರೆ ಕೇಳಿಸದೆಯೂ ತಲೆಯಾಡಿಸುತ್ತಾರೆ, ವಾರ್ಡಿನಲ್ಲಿ ಇನ್ನೊಬ್ಬ ಲಕ್ಷ್ಮಮ್ಮ ಇದ್ದೇ ಇರುತ್ತಾರೆ. "ನಿಮ್ಮ ಹೆಸರೇನು?" ಎಂದು ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿಯ ಐಪಿ ನಂಬರ್‌ ಜೊತೆ ತಾಳೆ ನೋಡಿ.

ಪ್ರಶ್ನೆ: ಕ್ಯಾನ್ಸರ್‌ ಎಂದು ಅಮ್ಮನಿಗೆ ಹೇಳಬೇಡಿ ಎಂದು ಮಕ್ಕಳು ಕೈಮುಗಿಯುತ್ತಾರೆ. ರಾತ್ರಿ ಅಮ್ಮನೇ ನನ್ನ ಕೈ ಹಿಡಿದು "ನಂಗೇನಾಗಿದೆ ಸಿಸ್ಟರ್‌?" ಎಂದು ಕೇಳುತ್ತಾರೆ. ಏನು ಹೇಳಲಿ?
— ನರ್ಸ್‌, ಬೆಂಗಳೂರು

"ಏನಿಲ್ಲ ಅಮ್ಮಾ, ಬರೀ ಗಡ್ಡೆ" ಎಂದು ಮಾತ್ರ ಹೇಳಬೇಡಿ. ಎರಡನೇ ಕೀಮೋ ಹೊತ್ತಿಗೆ ಕೂದಲು ಉದುರಿದಾಗ ಅವರಿಗೆ ತಿಳಿಯುತ್ತದೆ, ಆಮೇಲೆ ನೀವು ಹೇಳುವ ಯಾವ ಮಾತನ್ನೂ ನಂಬುವುದಿಲ್ಲ. ರೋಗದ ಹೆಸರನ್ನು ಮೊದಲ ಸಲ ಹೇಳುವುದು ವೈದ್ಯರ ಕೆಲಸ, ಆದ್ದರಿಂದ ನೀವು ಅದನ್ನೂ ಮಾಡಬೇಡಿ.

ಸ್ಟೂಲ್‌ ಎಳೆದುಕೊಂಡು ಕೂತುಕೊಳ್ಳಿ. "ನಿಮಗೆ ಏನನ್ನಿಸ್ತಿದೆ ಅಮ್ಮಾ? ಡಾಕ್ಟರ್‌ ಏನಂದ್ರು?" ಎಂದು ಕೇಳಿ ಸುಮ್ಮನಿರಿ. ಬಹಳ ಸಲ "ದೊಡ್ಡ ಕಾಯಿಲೇನೇ ಇರ್ಬೇಕು, ಮಕ್ಕಳು ಮುಖ ತಪ್ಪಿಸ್ತಾರೆ" ಎಂಬ ಉತ್ತರ ಬರುತ್ತದೆ. ಅಂದರೆ ಗೊತ್ತಿದೆ, ಮಕ್ಕಳಿಗೆ ನೋವಾಗಬಾರದೆಂದು ಅವರೂ ಬಚ್ಚಿಡುತ್ತಿದ್ದಾರೆ. ಆಗ: "ನಿಮಗೆ ಎಲ್ಲ ತಿಳ್ಕೋಬೇಕು ಅಂತ ಇದೆಯಾ, ಅಥವಾ ಮಕ್ಕಳೇ ನೋಡಿಕೊಳ್ಳಲಿ ಅಂತಾನಾ?" ಎರಡರಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳುವ ಹಕ್ಕು ಅವರದು. ತಿಳಿಯಬೇಕು ಎಂದರೆ, "ನಾಳೆ ರೌಂಡ್ಸ್‌ನಲ್ಲಿ ಡಾಕ್ಟರ್‌ಗೆ ಹೇಳ್ತೀನಿ, ಅವರು ಮಾತಾಡುವಾಗ ನಾನೂ ಇರ್ತೀನಿ" ಎನ್ನಿ, ಇರಿ. ಅವರು ಹೇಳಿದ್ದನ್ನು ಅವರ ಪದಗಳಲ್ಲೇ ಬರೆದು, ಬೆಳಗಿನ ಪಾಳಿಯವರಿಗೆ ಬಾಯಲ್ಲೂ ತಿಳಿಸಿ. ಇಲ್ಲದಿದ್ದರೆ ಮುಂದಿನ ಸಿಸ್ಟರ್‌ ಬಂದು "ಏನಿಲ್ಲ ಅಮ್ಮಾ" ಎಂದುಬಿಡುತ್ತಾರೆ.

ಮಕ್ಕಳ ಮೇಲೆ ಸಿಟ್ಟಾಗಬೇಡಿ. "ಅಮ್ಮನಿಗೆ ತಿಳಿದರೆ ಏನಾಗುತ್ತೆ ಅನ್ನೋ ಭಯ ನಿಮಗೆ?" ಎಂದು ಕಾರಿಡಾರ್‌ನಲ್ಲಲ್ಲ, ಕೋಣೆಯೊಳಗೆ ಕೂರಿಸಿ ಕೇಳಿ. ಅಮ್ಮನೇ ಕೇಳುತ್ತಿದ್ದಾರೆ ಎಂಬ ವಿಷಯ ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ.